ನಾನು ಬಕೆಟ್ಟು ಒದ್ದ ದಿನ

ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಹಾಲು ಚೆಲ್ಲಿದರೆ ಬೈಗುಳ, ನೀರು ಚೆಲ್ಲಿದರೆ ಏಟು. ಇದನ್ನು ಹೇಳಿದರೆ ನನ್ನ ಮಗಳು ನಗುತ್ತಾಳೆ. ಇಂಡಿ, ಸಿಂದಗಿ ಕಡೆಯ ತೋಟದ ಮನೆಗಳಲ್ಲಿ ಬೆಳೆದವರು ನಗುವುದಿಲ್ಲ, ಗೊತ್ತು. ಅವರ ಬೆನ್ನಿಗೂ ಎರಡು ಬಿದ್ದೇ ಇರುತ್ತವೆ.

ನಮ್ಮ ತೋಟ ಲಚ್ಯಾಣದ ಹಾದಿಯಲ್ಲಿತ್ತು. ಎರಡು ಎಕರೆ ನಿಂಬೆ, ಒಂದು ಬಾವಿ, ಚಂದ್ರಿ ಎಂಬ ಎಮ್ಮೆ. ಅಪ್ಪ ಬಾಗೇವಾಡಿ ಕಡೆ ಸಾಲಿ ಮಾಸ್ತರ, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ಅವ್ವ, ಅಪ್ಪನ ತಮ್ಮ ಅಂದರೆ ನಮ್ಮ ಕಾಕಾ, ಹತ್ತು ವರ್ಷದ ನಾನು, ಹತ್ತು ತಿಂಗಳ ನನ್ನ ತಮ್ಮ. ಇವರೆಲ್ಲರ ಮೇಲೆ ಆಯಿ, ಅಪ್ಪನ ಅವ್ವ. ನಮ್ಮ ಬಾವಿಯ ನೀರು ಸವಳು. ಕುಡಿಯುವ ನೀರನ್ನು ಮೂರು ಹೊಲ ದಾಟಿ ಇನ್ನೊಬ್ಬರ ಬಾವಿಯಿಂದ ತಲೆಯ ಮೇಲೆ ಹೊತ್ತು ತರಬೇಕಿತ್ತು. ಹೊತ್ತವರಿಗೇ ಗೊತ್ತು ಆ ಕೊಡದ ಭಾರ.

ಆಯಿಯ ರಾಜ್ಯದಲ್ಲಿ ನೀರಿಗೆ ಒಂದೇ ಸಲದ ಕೆಲಸ ಎಂಬುದು ಇರಲಿಲ್ಲ. ಭಾಂಡೆಗಳನ್ನು ಮೊದಲು ಒಣ ಬೂದಿಯಲ್ಲಿ ತಿಕ್ಕಿ ಒರೆಸಬೇಕು, ಆಮೇಲೆ ಮೂರು ಬೋಗುಣಿಗಳಲ್ಲಿ ಅದ್ದಬೇಕು. ಮೂರನೆಯ ಬೋಗುಣಿಯ ತಿಳಿನೀರು ಸಂಜೆಗೆ ಮೊದಲನೆಯದಾಗುತ್ತಿತ್ತು. ಊಟವಾದ ಮೇಲೆ ತಾಟಿನಲ್ಲೇ ಕೈ ತೊಳೆಯಬೇಕು. ಆಯಿ ಮಾತ್ರ ಅದಕ್ಕೂ ಮುಂಚೆ ತನ್ನ ತಾಟಿಗೆ ನಾಲ್ಕು ಗುಟುಕು ನೀರು ಹಾಕಿ, ಬೆರಳಿನಿಂದ ಸುತ್ತಲೂ ಸವರಿ, ಸಾರಿನ ಬಣ್ಣ ಬಂದ ಆ ನೀರನ್ನು ಎತ್ತಿ ಕುಡಿದುಬಿಡುತ್ತಿದ್ದಳು. ನನಗೆ ಹೇಸಿಗೆ ಅನಿಸುತ್ತಿತ್ತು. ಮುಖದಲ್ಲಿ ತೋರಿಸುವ ಧೈರ್ಯ ಇರಲಿಲ್ಲ. ಸ್ನಾನದ ಕಲ್ಲಿನಿಂದ ಹರಿದ ನೀರು ಕರಿಬೇವಿಗೆ ಹೋಗುತ್ತಿತ್ತು. ಬ್ಯಾಳಿ ತೊಳೆದದ್ದು, ಜೋಳದ ನುಚ್ಚು ತೊಳೆದದ್ದು, ಮಜ್ಜಿಗೆ ಗಡಿಗೆ ತೊಳೆದದ್ದು, ಎಲ್ಲ ಮುಸುರಿ ನೀರೂ ಎಮ್ಮೆ ಕಟ್ಟುವ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನ ಮುಂದಿನ ಕಲ್ಲಿನ ಬಾನಿಗೆ. ಹುಳಿ ವಾಸನೆಯ ಆ ನೀರಿಗೆ ಒಂದು ಹಿಡಿ ಹೊಟ್ಟು ಹಾಕಿದರೆ ಚಂದ್ರಿ ಮೂಗಿನವರೆಗೆ ಮುಖ ಮುಳುಗಿಸಿ ಸೊರಸೊರ ಕುಡಿಯುತ್ತಿತ್ತು.

ಯಾರ ಕೈಯಲ್ಲಿ ನೀರಿನ ಪಾತ್ರೆ ಕಂಡರೂ ಆಯಿ ಕಟ್ಟೆಯ ಮೇಲಿಂದ ಕೇಳುತ್ತಿದ್ದಳು, "ಯಾರಿಗೆ ಅದು?" ಕರಿಬೇವಿಗೆ, ಎಮ್ಮೆಗೆ, ಕೋಳಿಗೆ ಎಂದು ಏನಾದರೂ ಉತ್ತರ ಇರಬೇಕು. ಉತ್ತರ ಇಲ್ಲದವರ ಬೆನ್ನಿಗೆ ಗುದ್ದು. ನನಗೆ ಇದು ಎಷ್ಟು ಮೈಗೂಡಿತ್ತೆಂದರೆ ಅಡಿಗೆ ಆಟ ಆಡುವಾಗಲೂ ತೆಂಗಿನ ಚಿಪ್ಪು ತೊಳೆದ ನೀರನ್ನು ಇರುವೆ ಗೂಡಿನ ಪಕ್ಕದ ಹುಲ್ಲಿಗೆ ಹಾಕಿಯೇ ಏಳುತ್ತಿದ್ದೆ.

ಆ ವರ್ಷ ದೀಪಾವಳಿಗೆ ಮುಂಚೆ ನಿಂಬೆ ಚಿಗುರಿತು. ಚಿಗುರಿನ ಬೆನ್ನಿಗೇ ಹಸಿರು ಹುಳ ಬಿತ್ತು. ಅಲ್ಲಿಯವರೆಗೆ ನಾವು ಹುಳವನ್ನು ಕೈಯಿಂದ ಆರಿಸುತ್ತಿದ್ದೆವು. ಕಾಕಾ ಈ ಸಲ ಇಂಡಿಗೆ ಹೋಗಿ ಬೆನ್ನಿಗೆ ಕಟ್ಟುವ ಪಂಪು, ಒಂದು ಬಾಟಲಿ ಎಣ್ಣೆ ತಂದ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು.

"ಹುಳ ಕೈಲೆ ಆರಿಸಿದ್ರ ಆಗೂದಿಲ್ಲೇನ?" ಎಂದಳು ಆಯಿ.

"ಎರಡ ಎಕರೆ ಕೈಲೆ ಆರಸ್ಕೋತ ಕುಂತ್ರ ಸಂಕ್ರಾಂತಿ ಬರ್ತೈತಿ ಬೇ," ಎಂದ ಕಾಕಾ. ಆಯಿ ಎದ್ದು ಒಳಗೆ ಹೋದಳು. ಅವಳು ಮಾತು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಕಾಕಾ ಎಣ್ಣೆ ಹೊಡೆದ. ಮಿಶ್ರಣ ಮಾಡುವಾಗ ನಾನು ಅಲ್ಲಿರಲಿಲ್ಲ, ಕುಡಿಯುವ ನೀರು ತರಲು ಹೋಗಿದ್ದೆ. ತಿರುಗಿ ಬರುವಾಗ ಗಾಳಿಯಲ್ಲೆಲ್ಲ ಚಿಮಣಿ ದೀಪದ ಸೀಮೆಎಣ್ಣೆಯಂಥ ಘಾಟು. ಗಿಡ, ಬೇಲಿ, ಒಗೆದು ಹಾಕಿದ ಅರಿವೆ, ಎಲ್ಲಕ್ಕೂ ಅದೇ ವಾಸನೆ. ಹೊತ್ತು ಕಳೆದಂತೆ ಮೂಗಿಗೆ ರೂಢಿಯಾಗಿಹೋಯಿತು.

ಈಗ ನೋಡಿ, ಬೇರೆ ಯಾರದೇ ಮನೆಯಾಗಿದ್ದರೆ ಪಂಪು ತೊಳೆದ ನೀರನ್ನು ಅಲ್ಲೇ ಮಣ್ಣಿಗೆ ಸುರಿದು ಕೈ ಝಾಡಿಸಿಕೊಳ್ಳುತ್ತಿದ್ದರು. ಕಾಕಾ ಆಯಿಯ ಮಗ. ಅವನಿಗೆ ಕೈ ಬರಲಿಲ್ಲ. ಪಂಪಿಗೆ ನೀರು ಹಾಕಿ ಕುಲುಕಿ, ಆ ತೊಳೆದ ನೀರನ್ನು ಮನೆಯ ಬಕೆಟ್ಟಿಗೆ ಬಗ್ಗಿಸಿ, ಬೇಲಿಯ ಅಂಚಿನ ಎರಡು ಸಣ್ಣ ಗಿಡಕ್ಕೆ ಆಮೇಲೆ ಹಾಕಿದರಾಯಿತು ಎಂದು ಶೆಡ್ಡಿನ ಗೋಡೆಗೆ ಒತ್ತಿ ಇಟ್ಟ. ಮೈ ತೊಳೆಯಲು ಬಾವಿಗೆ ಹೋದ.

ನಾನು ಕೊನೆಯ ಕೊಡ ಇಳಿಸಿ ಹೊರಗೆ ಬಂದೆ. ಶೆಡ್ಡಿನ ಹತ್ತಿರ ಅರ್ಧ ಬಕೆಟ್ಟು ಬಿಳಿ ನೀರು. ಎಣ್ಣೆ ನೀರಿಗೆ ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ ಎಂದು ನನಗೇನು ಗೊತ್ತು. ಅವತ್ತು ಅವ್ವ ಮಜ್ಜಿಗೆ ಕಡೆದಿದ್ದಳು. ಗಡಿಗೆ ತೊಳೆದ ನೀರು ಥೇಟ್ ಹಾಗೇ ಬೆಳ್ಳಗೆ ಇರುತ್ತಿತ್ತು. ಬಾನಿಗೆ ಹಾಕುವುದನ್ನು ಅವ್ವ ಮರೆತಿದ್ದಾಳೆ ಅಂದುಕೊಂಡೆ. ಎರಡೂ ಕೈಯಿಂದ ಎತ್ತಿ ಬಾನಿಗೆ ಸುರಿದೆ, ಮೇಲೆ ಹೊಟ್ಟು ಉದುರಿಸಿದೆ. ಒಳ್ಳೆಯ ಹುಡುಗಿಯ ಹಾಗೆ ಖಾಲಿ ಬಕೆಟ್ಟನ್ನು ಸ್ನಾನದ ಕಲ್ಲಿನ ಹತ್ತಿರ, ಅದರ ಜಾಗಕ್ಕೆ ಇಟ್ಟು ಬಂದೆ.

"ಯಾರಿಗೆ ಹಾಕಿದಿ?" ಆಯಿ ಕಟ್ಟೆಯ ಮೇಲೆ ಬ್ಯಾಳಿ ಆರಿಸುತ್ತ ಕುಳಿತಿದ್ದಳು.

"ಚಂದ್ರಿಗೆ ಬೇ. ಮಜ್ಜಿಗಿ ಗಡಿಗಿ ನೀರು. ಅವ್ವ ಮರತಿದ್ಲು."

"ನನ್ನ ಮೊಮ್ಮಗಳಂದ್ರ ನೀನ ನೋಡು," ಎಂದು ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು, ಒಂದು ಹಿಡಿ ಶೇಂಗಾ ಕೊಟ್ಟಳು. ಬೆಲ್ಲವನ್ನು ಆಗಲೇ ತಿಂದೆ. ನಾಲಿಗೆ ಮೇಲೆ ಆ ಸಿಹಿ ಇರುವಾಗಲೇ ಎಮ್ಮೆ ಸೊರಸೊರ ಕುಡಿಯುವ ಸದ್ದು ಕೇಳಿಸುತ್ತಿತ್ತು.

ತಾಸು ಹೊತ್ತಿನಲ್ಲಿ ಚಂದ್ರಿಯ ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯತೊಡಗಿತು. ಕಣ್ಣಲ್ಲಿ ನೀರು. ತೊಡೆಯ ಮಾಂಸ ಪಟಪಟ ಅದುರುತ್ತಿತ್ತು. ಆಮೇಲೆ ಮುಂಗಾಲು ಮಡಚಿ ಧೊಪ್ಪನೆ ಕುಸಿಯಿತು. ಕಾಕಾ ಸೈಕಲ್ ಹತ್ತಿ ದನದ ಡಾಕ್ಟರನ್ನು ಕರೆತರಲು ಓಡಿದ. ಪಕ್ಕದ ಹಳ್ಳಿಗೆ ಬಂದಿದ್ದ ಡಾಕ್ಟರು ಸುದೈವಕ್ಕೆ ಹಾದಿಯಲ್ಲೇ ಸಿಕ್ಕರು. ತಮ್ಮ ಮೋಟಾರ್ ಸೈಕಲ್ಲಿನ ಮೇಲೆ ಕಾಕಾನನ್ನೂ ಕೂರಿಸಿಕೊಂಡು ಬಂದರು.

"ಮುಂಜಾನಿ ಹಗ್ಗ ಹರಕೊಂಡು ಬಾಜೂ ಹೊಲದಾಗ ಎಳಿ ಜೋಳ ಮೇದೈತ್ರಿ ಸಾಹೇಬ್ರ. ಅದ ವಿಷ ಆಗಿರಬೇಕು," ಎಂದ ಕಾಕಾ. ಎಳೆ ಜೋಳ ತಿಂದು ದನ ಸಾಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಡಾಕ್ಟರು ಎಮ್ಮೆಯ ರೆಪ್ಪೆ ಎತ್ತಿ ನೋಡಿದರು. "ಜೋಳದ್ದ ಹಿಂಗ ಇರೂದಿಲ್ಲ. ಕಣ್ಣಿನ ಗೊಂಬಿ ನೋಡ್ರಿ, ಎಷ್ಟ ಸಣ್ಣ ಆಗೇತಿ. ಎಣ್ಣಿ ಏನರ ಕುಡದೈತೇನು?"

"ಇಲ್ರಿ. ಬಾಟ್ಲಿ ಜಂತ್ಯಾಗ ಸಿಗಿಸೀನಿ. ಪಂಪು ತೊಳದ ನೀರು ಬಕೆಟನ್ಯಾಗ ಹಂಗ ಐತಿ, ಅಲ್ಲಿ ಗ್ವಾಡಿ ಕಡೆ." ಕಾಕಾ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಬಕೆಟ್ಟು ಇರಲಿಲ್ಲ.

ಆ ಬಿಳಿ ನೀರು ಯಾವುದೆಂದು ಆಗ ನನಗೆ ಹೊಳೆಯಿತು. ಬಕೆಟ್ಟು ಎಲ್ಲಿದೆ ಎಂದು ಕಣ್ಣು ತಾನಾಗಿ ಸ್ನಾನದ ಕಲ್ಲಿನ ಕಡೆ ಹೊರಳಿತು.

ಅಲ್ಲಿ ಅವ್ವ ಕಾಲು ಚಾಚಿ ಕುಳಿತಿದ್ದಳು; ಎಮ್ಮೆಯ ಗದ್ದಲಕ್ಕೆ ಕೂಸಿನ ಸ್ನಾನ ತಡವಾಗಿತ್ತು, ನೀರು ಆರುವ ಮೊದಲು ಮುಗಿಸಬೇಕಿತ್ತು. ಕಾಲಿನ ಮೇಲೆ ನನ್ನ ತಮ್ಮ ಬೆತ್ತಲೆ ಮಲಗಿದ್ದ. ಕಟ್ಟಿಗೆ ಉಳಿಯಲಿ ಎಂದು ಕೂಸಿನ ನೀರನ್ನು ನಾವು ಒಲೆಯ ಮೇಲೆ ಕಾಯಿಸುತ್ತಿರಲಿಲ್ಲ, ಬಕೆಟ್ಟು ತುಂಬಿ ಬಿಸಿಲಿಗೆ ಇಡುತ್ತಿದ್ದೆವು. ನಾನು ಜಾಗಕ್ಕೆ ಇಟ್ಟ ಬಕೆಟ್ಟನ್ನು ಅವ್ವ ತೊಳೆಯಲಿಲ್ಲ. ತೊಳೆಯುವುದು ಯಾಕೆ? ನಮ್ಮ ಮನೆಯ ಬಕೆಟ್ಟಿನಲ್ಲಿ ನೀರು ಬಿಟ್ಟು ಬೇರೇನೂ ಇದ್ದದ್ದೇ ಇಲ್ಲ. ಬಾವಿ ನೀರು ತುಂಬಿ ಬಿಸಿಲಿಗಿಟ್ಟಿದ್ದಳು. ಈಗ ತಂಬಿಗೆಯಿಂದ ಮೊಗೆದು ಕೂಸಿನ ಹೊಟ್ಟೆಯ ಮೇಲೆ ಹಾಕುತ್ತಿದ್ದಳು. ಕೂಸು ತನ್ನ ಒದ್ದೆ ಮುಷ್ಟಿಯನ್ನು ಬಾಯಿಗೆ ಒಯ್ಯುತ್ತಿತ್ತು.

ಹೇಗೆ ಓಡಿದೆನೋ ನೆನಪಿಲ್ಲ. ಬಕೆಟ್ಟಿಗೆ ಜೋರಾಗಿ ಒದ್ದೆ. ತುಂಬಿದ ಬಕೆಟ್ಟು ಕಲ್ಲಿನ ಮೇಲೆ ಉರುಳಿ ನೀರೆಲ್ಲ ಅಂಗಳದ ತುಂಬ ಹರಡಿತು.

ಅವ್ವನ ಕೈ ನನ್ನ ಕೆನ್ನೆಯ ಮೇಲೆ ಬಿತ್ತು. "ಹುಚ್ಚ ಹಿಡದೈತೇನ ನಿನಗ? ನೀರು ಹ್ಯಾಂಗ ಬರ್ತಾವ ಗೊತ್ತಿಲ್ಲ?"

"ಎಣ್ಣಿ ಬಕೆಟ್ ಅವ್ವಾ," ಎಂದೆ. "ಚಂದ್ರಿಗೂ ನಾನ ಹಾಕೀನಿ."

ಮೊದಲು ಓಡಿ ಬಂದವರು ಡಾಕ್ಟರು. "ಸಾಬೂನು ಹಚ್ಚಿ ತೊಳೀರಿ. ನೀರು ಎಷ್ಟ ಇದ್ರ ಅಷ್ಟ ಹಾಕ್ರಿ. ಬಾಯಾಗ ಹೋಗೇತೇನು?"

"ಎರಡ ತಂಬಗಿ ಹಾಕಿದ್ದೆ ಅಷ್ಟರಿ," ಎಂದಳು ಅವ್ವ. ಅವಳು ಆಗಲೇ ಸಾಬೂನು ಉಜ್ಜತೊಡಗಿದ್ದಳು.

ಆಗ ಆಯಿ ಒಳಗೆ ಹೋದಳು. ನಾನು ತಲೆಯ ಮೇಲೆ ಹೊತ್ತು ತಂದಿದ್ದ ಕುಡಿಯುವ ನೀರಿನ ಕೊಡವನ್ನು ಎತ್ತಿಕೊಂಡು ಬಂದು ಕೂಸಿನ ಮೈಮೇಲೆ ಸುರಿದಳು. ಮತ್ತೆ ಹೋಗಿ ಇನ್ನೊಂದು ತಂದಳು. ಆಮೇಲೆ ದೊಡ್ಡ ಹರವಿಯನ್ನೇ ಬಗ್ಗಿಸಿ ಕೊಡ ತುಂಬಿಕೊಂಡು ಬಂದಳು. ಸಾಬೂನಿನ ನೊರೆ ಅಂಗಳ ದಾಟಿ ಹಾದಿಗೆ ಹರಿಯಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ಅವಳು ತಿರುಗಿಯೂ ನೋಡಲಿಲ್ಲ. ಆಯಿ ಹಾಗೆ ನೀರು ಸುರಿಯುವುದನ್ನು ನೋಡಿ ನನಗೆ ಆದ ಹೆದರಿಕೆ ಎಮ್ಮೆ ಬಿದ್ದಾಗಲೂ ಆಗಿರಲಿಲ್ಲ. ಮನೆಯಲ್ಲಿ ಒಂದು ತೊಟ್ಟು ಕುಡಿಯುವ ನೀರು ಉಳಿಯಲಿಲ್ಲ.

ಕಾಕಾ ಡಾಕ್ಟರ ಮೋಟಾರ್ ಸೈಕಲ್ಲಿನಲ್ಲಿ ಅವ್ವನನ್ನೂ ಕೂಸನ್ನೂ ಕೂರಿಸಿಕೊಂಡು ಇಂಡಿಯ ದವಾಖಾನೆಗೆ ಹೋದ. ಡಾಕ್ಟರು ಎಣ್ಣೆಯ ವಿಷಕ್ಕೆ ಬೇಕಾದ ಔಷಧ ತೆಗೆದು ಎಮ್ಮೆಗೆ ಒಂದರ ಮೇಲೊಂದು ಸೂಜಿ ಚುಚ್ಚಿದರು. ನಾನು ಮತ್ತು ಆಯಿ ಕಟ್ಟೆಯ ಮೇಲೆ ಕುಳಿತೆವು. ನಮ್ಮ ಕಣ್ಣು ಹಾದಿಯ ಮೇಲೆ. ಕೂಸು ಬದುಕಿ ಬರುತ್ತದೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ ಎಂದು ಕಾದೆ.

ಕೊನೆಗೆ ನಾನೇ ಅಂದೆ, "ತಪ್ಪಾತು ಬೇ."

"ನೀ ಏನ್ ತಪ್ಪ ಮಾಡಿದಿ? ನಾ ಕಲಿಸಿದ್ದ ಮಾಡಿದಿ," ಎಂದಳು. ಆಮೇಲೆ ಬಾನಿಯ ಕಡೆ ನೋಡುತ್ತ, "ನಾ ಕಲಸೂ ಮುಂದ ಇಂಥಾ ನೀರು ಇರಲಿಲ್ಲ ನಮ್ಮನ್ಯಾಗ," ಎಂದಳು.

ಹೊತ್ತು ಇಳಿಯುವ ಮೊದಲು ಚಂದ್ರಿ ಸತ್ತಿತು. "ಇನ್ನೊಂದ ತಾಸ ಮೊದಲ ಗೊತ್ತಾಗಿದ್ರ ಉಳೀತಿತ್ತು," ಎಂದರು ಡಾಕ್ಟರು. ಅವರು ನನಗೆಂದು ಹೇಳಿದ್ದಲ್ಲ. ಆದರೂ ನನ್ನೊಳಗೆ ಅದು ಇನ್ನೂ ಇದೆ. ಸಂಜೆ ಮೋಟಾರ್ ಸೈಕಲ್ಲಿನ ಸದ್ದು ಕೇಳಿ ಆಯಿ ಎದ್ದು ನಿಂತಳು. ಅವ್ವನ ಹೆಗಲ ಮೇಲೆ ಕೂಸು ಕಿರಿಕಿರಿ ಅಳುತ್ತಿತ್ತು. ಏನೂ ಆಗಿಲ್ಲ, ಒಂದು ದಿನ ಕಣ್ಣಿಟ್ಟಿರಿ ಎಂದಿದ್ದರಂತೆ ದವಾಖಾನೆಯವರು. ಆ ಅಳುವಿನಷ್ಟು ಚಂದದ್ದನ್ನು ನಾನು ಆಮೇಲೆ ಕೇಳಿಲ್ಲ. ಆಯಿ ಅವನ ಪಾದ ಹಿಡಿದುಕೊಂಡು ನನ್ನ ಮುಂದೆ ಮೊದಲ ಸಲ ಅತ್ತಳು.

ಮರುದಿನ ಅವ್ವ ಬ್ಯಾಳಿ ತೊಳೆದು, ಎಮ್ಮೆಯಿಲ್ಲದ ಮನೆಯಲ್ಲಿ ಆ ನೀರನ್ನು ಯಾರಿಗೆ ಹಾಕುವುದೆಂದು ತಿಳಿಯದೆ ಆಯಿಯ ಮುಂದೆ ಇಟ್ಟಳು. ಆಯಿ ಬೋಗುಣಿ ಎತ್ತಿಕೊಂಡು ಬೇಲಿಯವರೆಗೆ ನಡೆದು ಹಾದಿಗೆ ಚೆಲ್ಲಿ ಬಂದಳು. ಬರೀ ಬ್ಯಾಳಿ ತೊಳೆದ ನೀರು ಅದು. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಮುಂದೆ ಹೊಸ ಎಮ್ಮೆ ಬಂತು, ಅದಕ್ಕೆ ಬಾವಿಯಿಂದ ಆಗಷ್ಟೇ ಸೇದಿದ ನೀರು ಮಾತ್ರ. ಆಯಿ ಇದ್ದಷ್ಟು ವರ್ಷ ಯಾರನ್ನೂ ನೀರಿನ ಬಗ್ಗೆ ಕೇಳಲಿಲ್ಲ, ಯಾರಿಗೂ ಕಲಿಸಲಿಲ್ಲ. ಕಾಕಾ ಎಣ್ಣೆ ಹೊಡೆಯುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಸುತ್ತಲಿನ ತೋಟದ ಹುಳವೆಲ್ಲ ನಮ್ಮಲ್ಲಿಗೇ ಬರುತ್ತಿತ್ತು ಎನ್ನುತ್ತಿದ್ದ. ಅವನ ಮಾತೂ ಸುಳ್ಳಲ್ಲ.

ಈಗ ನಾನು ಇಂಡಿಯಲ್ಲಿದ್ದೇನೆ. ಮನೆಯ ಒಳಗೇ ನಲ್ಲಿ. ಮೊನ್ನೆ ನಮ್ಮ ಓಣಿಯ ಮಹಿಳಾ ಸಂಘದವರು ನೀರು ಉಳಿಸುವ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ಆಯಿಯ ಮನೆಯ ಕ್ರಮವನ್ನೆಲ್ಲ ಹುರುಪಿನಿಂದ ಹೇಳಿದೆ. ಬಳಸಿದ ನೀರನ್ನು ಚೆಲ್ಲಬೇಡಿ, ಗಿಡಕ್ಕೆ ಹಾಕಿ, ದನಕ್ಕೆ ಇಡಿ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಸಣ್ಣ ವಯಸ್ಸಿನ ಸೊಸೆ ಎದ್ದಳು.

"ಅಕ್ಕಾರ, ಫಿನಾಯಿಲ್ ಹಾಕಿ ನೆಲ ಒರಸಿದ್ದು ಹಾಕಬಹುದೇನ್ರಿ?"

"ಬ್ಯಾಡವಾ," ಎಂದೆ.

"ಪೌಡರ್ ಹಾಕಿ ಅರಬಿ ಒಗದದ್ದು?"

"ಅದೂ ಬ್ಯಾಡ."

"ಭಾಂಡೆ ತೊಳದದ್ದರ? ಈಗ ಎಲ್ಲಾರೂ ಹಸಿರು ಲಿಕ್ವಿಡ್ ಹಾಕ್ತಾರ್ರಿ. ಎಮ್ಮಿಗಿ ಇಟ್ರ ನಡೀತೈತೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಹಂಗಾರ ಯಾವ ನೀರು ಇಡಬೇಕ್ರಿ ಅಕ್ಕಾರ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ನಿಜವಾಗಿಯೇ ಕೇಳಿದ್ದಳು. ನನ್ನ ಮನೆಯಲ್ಲಿ ಅವತ್ತು ಬಳಸಿದ ನೀರನ್ನೆಲ್ಲ ಒಂದೊಂದಾಗಿ ನೆನೆದೆ. ಬೆಳಗಿನಿಂದ ಎಷ್ಟು ಬಕೆಟ್ಟು ಹೋಗಿದೆಯೋ, ಅದರಲ್ಲಿ ಒಂದು ತಂಬಿಗೆಯನ್ನೂ ಯಾವ ಜೀವದ ಮುಂದೂ ಇಡುವ ಹಾಗಿರಲಿಲ್ಲ. ಮೈಕು ಕೆಳಗಿಟ್ಟು ಕುಳಿತುಕೊಂಡೆ.