ಮರಳಿ ರಸ್ತೆಯ ಭತ್ತ ಮತ್ತು ನನ್ನ ಫೋನ್

ಗೆಳೆಯರೇ, ಇವತ್ತು ನನ್ನಿಂದ ಬಿಟ್ಟಿ ದುಡಿಸಿಕೊಂಡರು. ದುಡಿಯುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ.

ಮರಳಿ ಎಂಬ ಊರಿನಲ್ಲಿ ಬಸ್ಸಿಳಿದು ಅಕ್ಕನ ಮನೆಗೆ ನಡೆಯುತ್ತಿದ್ದೆ. ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಕೆಣಕಿದ್ದ. ಅವನಿಗೆ ಉತ್ತರ ಬರೆಯುವ ಭರದಲ್ಲಿ ನಾನು ಕತ್ತೆತ್ತಿರಲಿಲ್ಲ.

"ತಮ್ಮಾ, ಚಪ್ಪಲಿ ಬಿಡಪಾ" ಎಂದಿತು ಒಂದು ಮುದುಕಿಯ ದನಿ. ಬಿಟ್ಟೆ.

"ಎಡಕ್ಕ ಹೊಳ್ಳಬ್ಯಾಡ, ಕಾಲುವಿ ಐತಿ. ನೆಟ್ಟಗ ನಡಿ. ಕಾಲೆತ್ತಬ್ಯಾಡ, ಎಳಕೋತ ನಡಿ."

ಅಂಗಾಲಿಗೆ ಏನೋ ಬೆಚ್ಚಗೆ ಚುಚ್ಚುತ್ತಿತ್ತು. ಗುಂಪಿನಲ್ಲಿ ಜಗಳ ರಂಗೇರಿತ್ತು, ಹೇಳಿದಂತೆ ನಡೆದೆ.

ಉತ್ತರ ಕಳಿಸಿ ತಲೆಯೆತ್ತಿದರೆ, ರಸ್ತೆಯ ಮೇಲೆ ಉದ್ದಕ್ಕೂ ಒಣಹಾಕಿದ ಭತ್ತವನ್ನು ಪೂರ್ತಿ ದಾಟಿ ಬಂದಿದ್ದೇನೆ! ಹಿಂದೆ ನೇಗಿಲು ಹೊಡೆದ ಹಾಗೆ ನನ್ನ ಕಾಲಿನ ಎರಡು ಗೆರೆ. ಭತ್ತ ಚೆನ್ನಾಗಿ ಒಣಗಲಿ ಎಂದು ನಮ್ಮ ಕಡೆ ಹೀಗೇ ಕಾಲಾಡಿಸಿ ತಿರುವುತ್ತಾರೆ. ಆ ಕೆಲಸ ಮಾಡಬೇಕಿದ್ದ ಅಜ್ಜಿ ಬೇವಿನ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಯಮ್ಮಾ, ನನ್ನ ಕಡಿಂದ ನೆಲ್ಲು ತಿರುವಿಸಿದ್ರೇನು?"

"ಮತ್ತ? ಸುಮ್ನ ಬಿಟ್ಟಿದ್ರ ಕಾಲುವ್ಯಾಗ ಬೀಳ್ತಿದ್ದಿ. ನೀನೂ ಉಳದಿ, ನನ್ನ ನಡಾನೂ ಉಳೀತು."

ನನ್ನ ಚಪ್ಪಲಿ ಆ ತುದಿಯಲ್ಲೇ ಇದ್ದವು. ಫೋನ್ ಜೇಬಿಗಿಟ್ಟು, ತರಲು ರಸ್ತೆಯ ಅಂಚಿನಿಂದ ಹೊರಟೆ. ಅಜ್ಜಿ ತಡೆದಳು.

"ಬದಿಗ್ಯಾಕ ಹೊಂಟಿ ತಮ್ಮಾ? ಇನ್ನೊಂದು ಸಾಲು ಉಳದೈತಿ. ಫೋನ್ ತಗಿ, ನಾ ದಾರಿ ಹೇಳ್ತೀನಿ."