ಎದುರುಬದುರು ಕುರ್ಚಿಗಳು

ನಿನ್ನೆ ಸಂಜೆ ವಾಕಿಂಗ್ ಹೊರಟವಳು ಎರಡನೆಯ ತಿರುವಿನಲ್ಲೇ ನಿಂತುಬಿಟ್ಟೆ. ಸಿಡ್ನಿಯ ಅಂಚಿನ ನಮ್ಮ ಸ್ಕೋಫೀಲ್ಡ್ಸ್‌ ಬಡಾವಣೆಯಲ್ಲಿ ಆಗೀಗ ಕೌನ್ಸಿಲ್‌ನವರ ಲಾರಿ ಬರುತ್ತದೆ. ಅದು ಬರುವ ಮುಂಚೆ ಜನ ಮನೆಗೆ ಬೇಡವಾದದ್ದನ್ನೆಲ್ಲ ರಸ್ತೆ ಬದಿಯ ಹುಲ್ಲಿನ ಮೇಲೆ ತಂದಿಡುತ್ತಾರೆ. ಹಾಸಿಗೆ, ಒಡೆದ ಟೀವಿ, ಹುಮ್ಮಸ್ಸಿನಲ್ಲಿ ಕೊಂಡು ಬಟ್ಟೆ ಒಣಹಾಕಲು ಬಳಸಿದ ಟ್ರೆಡ್‌ಮಿಲ್, ಎಲ್ಲವೂ ಇರುತ್ತವೆ. ಒಂದು ಮನೆಯ ಮುಂದೆ ನಾಲ್ಕು ಊಟದ ಕುರ್ಚಿಗಳಿದ್ದವು. ಇಟ್ಟವರು ಬಹಳ ಅಚ್ಚುಕಟ್ಟಿನವರಿರಬೇಕು; ನಾಲ್ಕನ್ನೂ ಒಂದೇ ಸಾಲಿನಲ್ಲಿ, ಮನೆಗೆ ಬೆನ್ನು, ರಸ್ತೆಗೆ ಮುಖ ಮಾಡಿ ಇಟ್ಟಿದ್ದರು. ನೋಡುತ್ತಿದ್ದ ಹಾಗೇ ನನಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ನೋಡಿ ಸಿಟ್ಟು ಮಾಡಿಕೊಳ್ಳುವ ಹೆಂಗಸನ್ನು ನೀವು ಇದುವರೆಗೆ ಕಂಡಿರಲಿಕ್ಕಿಲ್ಲ. ಈಗ ಕಂಡಹಾಗಾಯಿತು, ಬನ್ನಿ, ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನಿಂದ ಇದೇ ಸಿಡ್ನಿಯ ಪ್ಯಾರಮಟ್ಟಾಕ್ಕೆ ಬಂದಾಗ ನಮ್ಮ ಫ್ಲ್ಯಾಟಿನ ಅರ್ಧ ಸಾಮಾನು ಹೀಗೆ ಬೀದಿಯಿಂದ ಎತ್ತಿ ತಂದದ್ದೇ ಆಗಿತ್ತು. ಡಾಕ್ಟರರೂ ಎತ್ತುತ್ತಿದ್ದರು, ಪ್ರೊಫೆಸರರೂ ಎತ್ತುತ್ತಿದ್ದರು. ಯಾರಾದರೂ ಕೇಳಿದರೆ ಮಾತ್ರ ಎಲ್ಲರ ಮನೆಯದ್ದೂ ಸೇಲ್‌ನಲ್ಲಿ ಸಿಕ್ಕಿದ್ದು. ಒಂದು ದಿನ ನಮ್ಮ ಬೀದಿಯಲ್ಲೇ ನಾನು ಕಣ್ಣಿಟ್ಟಿದ್ದ ಕುರ್ಚಿಯ ಮೇಲೆ ಆಗಲೇ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಕೂತು ಸುಮ್ಮನಿರದೆ ಬಲಗೈಯನ್ನು ಗಾಳಿಯಲ್ಲಿ ಆಚೆಗೂ ಈಚೆಗೂ ಎಳೆಯುತ್ತಿದ್ದ. ಹೋಗಿಬರುವವರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನನಗೆ ಮಾತ್ರ ಗೊತ್ತಾಯಿತು. ಕಮಾನು ಹಿಡಿದ ಕೈಯನ್ನು ನಾನು ಗುರುತಿಸದೇ ಇರುತ್ತೇನೆಯೇ? ಕುರ್ಚಿಗೆ ತೋಳು ಇದ್ದರೆ ಮೊಣಕೈ ತಾಗುತ್ತದೆ, ಅದಕ್ಕೇ ಪರೀಕ್ಷೆ ಮಾಡುತ್ತಿದ್ದ. ಅವನೇ ಡೆಕ್ಲನ್. ಐರ್ಲೆಂಡಿನವನು, ಹಗಲು ಮನೆಗಳಿಗೆ ಪ್ಲಾಸ್ಟರಿಂಗ್ ಮಾಡುತ್ತಿದ್ದ, ಸಂಜೆ ಫಿಡಲ್, ಅಂದರೆ ನಮ್ಮ ಪಿಟೀಲನ್ನೇ, ನುಡಿಸುತ್ತಿದ್ದ.

ನಾನು ಮೈಸೂರಿನಲ್ಲಿ ಒಂದಿಷ್ಟು ಕಛೇರಿಗಳಿಗೆ ಪಕ್ಕವಾದ್ಯ ನುಡಿಸಿದವಳು. ಇಲ್ಲಿಗೆ ಬಂದ ಮೇಲೆ ಪಿಟೀಲು ಮಂಚದ ಕೆಳಗೆ ಸೇರಿತ್ತು. ನಮ್ಮವರ ಗಣೇಶನ ಹಬ್ಬದಲ್ಲಿ ಕೇಸರಿಬಾತು ಮುಗಿದ ಮೇಲೆ 'ಆಂಟಿ, ಒಂದು ಫಿಲ್ಮ್ ಸಾಂಗ್ ನುಡಿಸಿ' ಅನ್ನುತ್ತಿದ್ದರು, ಅಷ್ಟೆ. ಆಗ ನನಗೆ ಮೂವತ್ತೂ ದಾಟಿರಲಿಲ್ಲ, ಆಗಲೇ ಆಂಟಿ! ಆ ದಿನಗಳಲ್ಲಿ ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದುಂಟು. ಇವರಿಗೆ ಆಸ್ಪತ್ರೆಯ ಕೆಲಸ. ನನಗೆ ಇಡೀ ದಿನ ಕಿಟಕಿ.

ನಾನೂ ಪಿಟೀಲಿನವಳು ಎಂದು ತಿಳಿದು ಡೆಕ್ಲನ್ ಮನೆಗೆ ಕರೆದ. ಅಡಿಗೆಮನೆಯಲ್ಲಿ ಅವನ ಹೆಂಡತಿ ನೋರಾ ಅಕಾರ್ಡಿಯನ್ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಮಿಕ್ ಅಂತ ಒಬ್ಬ ಬಸ್ ಡ್ರೈವರ್, ಮರದ ಕೊಳಲು ಊದುವವನು. ಮೂವರೂ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಎದುರುಬದುರು ಕೂತಿದ್ದರು. ಅವರ ಸಂಪ್ರದಾಯವೇ ಅದು. ಕೇಳುವವರು ಇದ್ದರೆ ಇರಲಿ, ಅವರಿಗೆ ಬೆನ್ನು. ಮುಖ ಏನಿದ್ದರೂ ಜೊತೆಗೆ ನುಡಿಸುವವರಿಗೆ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ಕೂತೆ. ಮೂವರೂ ಬಗ್ಗಿ ನೋಡಿದರು. ನೋರಾ ಎದ್ದು ಒಂದು ದಿಂಬು ತಂದುಕೊಟ್ಟಳು. ಅಲ್ಲಿಂದ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ವಾರಕ್ಕೊಮ್ಮೆ ಒಂದು ಪಬ್ಬಿನ ಮೂಲೆಯಲ್ಲೂ ನುಡಿಸುತ್ತಿದ್ದೆವು. ಅವರು ಬಿಯರ್, ನಾನು ಲೆಮನೇಡ್. ಇವರಂತೂ ನಮ್ಮ ಗೆಳೆಯರ ಮುಂದೆಲ್ಲ, 'ನಮ್ಮನೇಲಿ ಪಬ್‌ಗೆ ಹೋಗೋದು ನಾನಲ್ಲಪ್ಪ' ಎಂದು ನಗಿಸುತ್ತಿದ್ದರು.

ಅವರು ನುಡಿಸುವ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಂಕಟ ನಿಮಗೆ ತಿಳಿಯುವುದಿಲ್ಲ. ಒಂದು ಮಟ್ಟನ್ನು ಹಿಡಿದು ಸುತ್ತಿಸುತ್ತಿ ನುಡಿಸುತ್ತಾರೆ. ಎಷ್ಟು ಸುತ್ತು ಅಂತ ಮೊದಲೇ ಮಾತಾಡಿಕೊಳ್ಳುವುದಿಲ್ಲ. ಡೆಕ್ಲನ್‌ಗೆ ಮಟ್ಟು ತುಂಬಿತು ಅನ್ನಿಸಿದಾಗ ತಾಳ ಹಾಕುತ್ತಿದ್ದ ಎಡಗಾಲನ್ನು ಒಂಚೂರು ಎತ್ತಿ ಗಾಳಿಯಲ್ಲಿ ನಿಲ್ಲಿಸುತ್ತಿದ್ದ. ಅಷ್ಟೇ ಸನ್ನೆ. ಮರುಸುತ್ತಿಗೆ ಎಲ್ಲರೂ ಎರಡನೆಯ ಮಟ್ಟಿಗೆ ಹಾರುತ್ತಿದ್ದೆವು. ಇನ್ನೊಂದು ನಿಯಮವೂ ಇತ್ತು. ಯಾರಾದರೂ ಸನ್ನೆ ಕಾಣದೆ ಹಿಂದೆ ಉಳಿದರೆ ಮುಂದೆ ಹೋದವನೇ ಹಿಂದಕ್ಕೆ ಬಂದು ಸೇರಿಕೊಳ್ಳಬೇಕು. ಒಬ್ಬರನ್ನು ಬಿಟ್ಟು ಹೋಗುವ ಹಾಗಿಲ್ಲ. ನಮ್ಮ ಕಡೆ ತಪ್ಪಿದ ಪಕ್ಕವಾದ್ಯದವಳನ್ನು ವಿದ್ವಾಂಸರು ಕಣ್ಣಲ್ಲೇ ಸುಟ್ಟುಬಿಡುತ್ತಾರೆ. ಈ ನಿಯಮ ಕೇಳಿದ ದಿನ ನನಗೆ ಎಷ್ಟು ಹಿತವಾಯಿತೆಂದರೆ, ಮನೆಗೆ ಬಂದು ಇವರಿಗೂ ಹೇಳಿದೆ. ಮದುವೆಯಲ್ಲೂ ಇದೇ ರೂಲ್ ಇಡಬೇಕು ಅಂದರು.

ತೊಂಬತ್ತರ ದಶಕದ ನಡುವೆ ಮೆಲ್ಬರ್ನ್‌ನಲ್ಲಿ ಒಂದು ಅಂತರರಾಷ್ಟ್ರೀಯ ಪಾಪ್ ಸ್ಪರ್ಧೆ ಏರ್ಪಾಡಾಯಿತು. ಅದರ ಹೆಸರು ಈಗ ಯಾರಿಗೂ ನೆನಪಿರಲಿಕ್ಕಿಲ್ಲ, ಇರುವುದೂ ಬೇಡ. ಐರ್ಲೆಂಡಿನಿಂದ ಬರಬೇಕಾದ ತಂಡ ಕೈಕೊಟ್ಟಿತು. ಸಂಘಟಕರು ಆಸ್ಟ್ರೇಲಿಯದಲ್ಲೇ ಇರುವ ಐರಿಷ್ ತಂಡ ಹುಡುಕುತ್ತ ನಮ್ಮ ಪಬ್ಬಿಗೆ ಬಂದರು. ಪಾಪ್ ಸ್ಪರ್ಧೆಗೆ ನಾವೆಲ್ಲಿ ಸರಿಹೋಗುತ್ತೇವೆ ಎಂದು ಮಿಕ್ ನಕ್ಕ. ಡೆಕ್ಲನ್ ಬೇಡವೆನ್ನುತ್ತಾನೆ ಎಂದೇ ನಾವು ತಿಳಿದಿದ್ದೆವು. ಆದರೆ ಕಾರ್ಯಕ್ರಮವನ್ನು ಐರ್ಲೆಂಡಿನ ಟೀವಿಯಲ್ಲೂ ತೋರಿಸುತ್ತಾರೆ ಎಂದು ಕೇಳಿದ ಕೂಡಲೇ ಅವನ ಮುಖ ಬದಲಾಯಿತು. ಆಗಲಿ ಎಂದುಬಿಟ್ಟ.

ಯಾಕೆಂದು ನೋರಾ ಹೇಳಿದಳು. ಡೆಕ್ಲನ್‌ಗೆ ಒಬ್ಬ ಅಣ್ಣ ಇದ್ದ. ಅಪ್ಪ ಸತ್ತಾಗ ಅಪ್ಪನ ಫಿಡಲ್ ಯಾರಿಗೆ ಎಂದು ಜಗಳವಾಗಿತ್ತು. ಅಣ್ಣ ಹೊಲಕ್ಕೆ ಹೋಗಿದ್ದಾಗ ಇವನು ಅದನ್ನು ಎತ್ತಿಕೊಂಡು ಹಡಗು ಹತ್ತಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಪ್ಪ ಕಟ್ಟಿದ ಒಂದು ಮಟ್ಟಿತ್ತು, ಅದಕ್ಕೆ ಹೆಸರು ಕೂಡ ಇಲ್ಲ. ಇಬ್ಬರು ಮಕ್ಕಳಿಗೆ ಮಾತ್ರ ಗೊತ್ತು. ಪಬ್ಬಿನಲ್ಲಿ ಅವನು ಅದನ್ನು ಒಂದು ದಿನವೂ ನುಡಿಸಿರಲಿಲ್ಲ. ಈಗ ಅದನ್ನೇ ಎರಡನೆಯ ಮಟ್ಟಾಗಿ ನುಡಿಸಬೇಕು, ಅಣ್ಣ ಕೇಳಬೇಕು. ಕ್ಷಮೆ ಕೇಳುವುದಕ್ಕೆ ಅವನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ನೋರಾ ತನ್ನ ಓರಗಿತ್ತಿಗೆ ಫೋನ್ ಮಾಡಿ, ಅಣ್ಣನನ್ನು ಹೇಗಾದರೂ ಟೀವಿ ಮುಂದೆ ಕೂರಿಸು ಎಂದು ಹೇಳಿದ್ದಳು.

ಆ ಮಟ್ಟನ್ನು ಅಡಿಗೆಮನೆಯಲ್ಲಿ ಅವನು ನಮಗೆ ಕಲಿಸಿದ. ನಾನು ಏನು ಹೇಳಲಿ? ಅದರಲ್ಲಿ ಒಂದು ಕಡೆ ಸ್ವರ ಮೇಲಕ್ಕೆ ಹೋಗಿ, ಅಲ್ಲಿ ನಿಲ್ಲಲು ನಾಚಿಕೊಂಡ ಹಾಗೆ ತಟ್ಟನೆ ಕೆಳಗೆ ಇಳಿಯುತ್ತದೆ. ಆ ಜಾಗವನ್ನು ಇನ್ನೊಮ್ಮೆ, ಮತ್ತೊಮ್ಮೆ ನುಡಿಸು ಎಂದು ನಾನು ಕೇಳುತ್ತಲೇ ಇದ್ದೆ. ಕೊಳಲು ಕೆಳಗಿಟ್ಟು ಮಿಕ್ ಬಾಗಿಲ ಹೊರಗೆ ಹೋಗಿ ನಿಂತುಬಿಟ್ಟಿದ್ದ.

ಮೆಲ್ಬರ್ನ್‌ನ ಸ್ಟುಡಿಯೋದಲ್ಲಿ ಉಳಿದ ದೇಶದವರೆಲ್ಲ ಬೆಳ್ಳಿ ಬಣ್ಣದ ಜಾಕೆಟ್, ಹೊಗೆಯ ಯಂತ್ರ, ಎರಡೆರಡು ಕೀಬೋರ್ಡು ಇಟ್ಟುಕೊಂಡು ಬಂದಿದ್ದರು. ನಡುವೆ ನಾವು ನಾಲ್ವರು. ನಾನು ಮದುವೆಯ ಮಾವಿನಕಾಯಿ ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ, ಐರ್ಲೆಂಡಿನ ಬಣ್ಣ ಹಸಿರು ತಾನೇ! ಡ್ರಮ್ಸ್ ಎಲ್ಲಿ ಎಂದು ಕೇಳಿದ್ದಕ್ಕೆ ಡೆಕ್ಲನ್ ತನ್ನ ಎಡಗಾಲು ತೋರಿಸಿದ. ವೇದಿಕೆ ನೋಡಿಕೊಳ್ಳುತ್ತಿದ್ದ ಹುಡುಗಿ ಬಹಳ ಒಳ್ಳೆಯವಳು. ಕುರ್ಚಿ ಬೇಡ, ಸಾಲಾಗಿ ನಿಂತು ಕ್ಯಾಮೆರಾ ನೋಡಿ ನುಡಿಸಿ ಎಂದಳು. ನಿಂತರೆ ನನ್ನ ಪಿಟೀಲು ನಿಲ್ಲುವುದಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ ನನಗೆ ಒಂದು ಮೂಲೆಯಲ್ಲಿ ಎತ್ತರದ ಪೆಟ್ಟಿಗೆ ಹಾಕಿಕೊಟ್ಟರು. ದಸರಾ ಗೊಂಬೆಯ ಹಾಗೆ ಅದರ ಮೇಲೆ ಕೂತೆ. ಉಳಿದ ಮೂವರು ನಿಲ್ಲುವ ಕಡೆ ಅವಳು ನೆಲಕ್ಕೆ ಬಿಳಿ ಟೇಪ್ ಅಂಟಿಸಿ ಗುರುತು ಮಾಡಿದಳು.

ರಿಹರ್ಸಲ್‌ನಲ್ಲಿ ಎಲ್ಲ ಸರಿಹೋಯಿತು, ಯಾಕೆಂದರೆ ನುಡಿಸುತ್ತ ನುಡಿಸುತ್ತ ಮೂವರೂ ಗುರುತು ಬಿಟ್ಟು ಒಬ್ಬರಿಗೊಬ್ಬರು ತಿರುಗಿಕೊಂಡಿದ್ದರು. ಹುಡುಗಿ ನಗುತ್ತಲೇ, ಸಂಜೆ ಮಾತ್ರ ಟೇಪ್ ಬಿಟ್ಟು ಅಲುಗಾಡಬೇಡಿ ಎಂದಳು. ಸಂಜೆ ಅವರು ಅಲುಗಾಡಲಿಲ್ಲ. ಬೇರೆ ದೇಶಕ್ಕೆ ಬಂದು ಬದುಕಿದವರ ರೋಗ ಇದು. ಗೆರೆ ಹಾಕಿದರೆ ಅದರೊಳಗೇ ನಿಲ್ಲುತ್ತೇವೆ. ಯಾಕೆ ಎಂದು ಕೇಳುವ ಧೈರ್ಯ ವೀಸಾ ಸಾಲಿನಲ್ಲೇ ಹೋಗಿರುತ್ತದೆ. ಇಲ್ಲಿ ಹುಟ್ಟಿದವರಾಗಿದ್ದರೆ ಆ ಟೇಪ್ ಕಿತ್ತು ಬಿಸಾಡುತ್ತಿದ್ದರು.

ಮೊದಲ ಮಟ್ಟು ಚೆನ್ನಾಗಿ ಹೋಯಿತು. ಜನ ಚಪ್ಪಾಳೆ ತಟ್ಟಿ ತಾಳ ಹಾಕತೊಡಗಿದರು. ಪೆಟ್ಟಿಗೆಯ ಮೇಲಿಂದ ನನಗೆ ಡೆಕ್ಲನ್‌ನ ಕಾಲು ಕಾಣುತ್ತಿತ್ತು. ಕಾಲು ಎದ್ದಿತು. ನಾನು ಅವನ ಜೊತೆಗೇ ಎರಡನೆಯ ಮಟ್ಟಿಗೆ ಹಾರಿದೆ. ನೋರಾ ಮತ್ತು ಮಿಕ್‌ನ ಕಣ್ಣು ಕ್ಯಾಮೆರಾದ ಮೇಲಿತ್ತು, ದೀಪದ ಬೆಳಕು ಬೇರೆ. ಅವರು ಮೊದಲ ಮಟ್ಟಿನಲ್ಲೇ ಉಳಿದರು. ಎರಡು ಮಟ್ಟುಗಳು ಒಂದರ ಮೇಲೊಂದು ಬಿದ್ದು ಅಸಹ್ಯವಾಗಿ ಕಿರುಚಿದವು. ಚಪ್ಪಾಳೆ ನಿಂತುಹೋಯಿತು. ನಾನು ಮನಸ್ಸಿನಲ್ಲೇ, ಹೋಗು ಮಾರಾಯ, ಹೋಗು, ಅವರು ಬಂದು ಸೇರಿಕೊಳ್ಳಲಿ, ಇವತ್ತೊಂದು ದಿನ ಬಿಟ್ಟು ಹೋಗು ಎಂದು ಬೇಡಿಕೊಂಡೆ. ಸ್ವರ ಮೇಲಕ್ಕೆ ಹೋಗಿ ನಾಚುವ ಆ ಜಾಗ ಇನ್ನೇನು ಬರಬೇಕು. ಡೆಕ್ಲನ್ ಕಮಾನು ತಿರುಗಿಸಿ ಮೊದಲ ಮಟ್ಟಿಗೆ ಹಿಂದಿರುಗಿಬಿಟ್ಟ. ಹೆಂಡತಿ ಮತ್ತು ಗೆಳೆಯ ಒಂಟಿಯಾಗದ ಹಾಗೆ ಅವರನ್ನು ಸೇರಿಕೊಂಡ. ನಾನೂ ಹಿಂದಿರುಗಿದೆ. ನಮಗೆ ಕೊಟ್ಟಿದ್ದ ಸಮಯ ಅಲ್ಲಿಗೆ ಮುಗಿಯಿತು.

ಎಷ್ಟನೆಯ ಸ್ಥಾನ ಬಂತು ಎಂದು ನಾವು ಕೇಳಲೂ ಇಲ್ಲ. ಮರುದಿನ ಕಾರಿನಲ್ಲಿ ಸಿಡ್ನಿಗೆ ಹೊರಟೆವು. ಹ್ಯೂಮ್ ಹೈವೇ ಮುಗಿಯುವುದೇ ಇಲ್ಲ, ಎರಡೂ ಕಡೆ ಒಣಹುಲ್ಲು. ನೋರಾ ಕಿಟಕಿಗೆ ಹಣೆ ಇಟ್ಟು ಸದ್ದಿಲ್ಲದೆ ಅಳುತ್ತಿದ್ದಳು. ತಾನು ತಿರುಗಿ ನೋಡಬೇಕಿತ್ತು ಎಂದು ಮಿಕ್ ಹೇಳುತ್ತಲೇ ಇದ್ದ. ಕೊನೆಗೆ ನಾನು ತಡೆಯಲಾರದೆ, ಯಾಕೆ ಹಿಂದೆ ಬಂದೆ ಎಂದು ಡೆಕ್ಲನ್‌ನನ್ನು ಕೇಳಿಯೇಬಿಟ್ಟೆ.

"ಒಂದು ಸಲ ಬಿಟ್ಟು ಬಂದಿದೀನಲ್ಲ," ಅಂದ. "ಅಷ್ಟು ಸಾಕು."

ಕೆಲವು ತಿಂಗಳ ಮೇಲೆ ಓರಗಿತ್ತಿ ಫೋನ್ ಮಾಡಿದಳು. ಅಣ್ಣ ತೀರಿಕೊಂಡಿದ್ದ. ಅವಳು ಬೇಡಿಕೊಂಡಿದ್ದಕ್ಕೆ ಅವನು ಆ ದಿನ ಟೀವಿ ಮುಂದೆ ಕೂತಿದ್ದನಂತೆ. ಅಪ್ಪನ ಮಟ್ಟು ಶುರುವಾದಾಗ ಕುರ್ಚಿಯಿಂದ ಅರ್ಧ ಎದ್ದಿದ್ದನಂತೆ. ಅದು ನಿಂತು ಹಳೆಯ ಮಟ್ಟು ಮತ್ತೆ ಬಂದಾಗ, 'ನೋಡಿದೆಯಾ, ತೋರಿಸಿ ಕಿತ್ತುಕೊಂಡ. ಫಿಡಲ್ ಕಿತ್ತುಕೊಂಡ ಹಾಗೇ' ಎಂದು ಎದ್ದು ಹೋದನಂತೆ. ಮತ್ತೆ ತಮ್ಮನ ಹೆಸರೆತ್ತಲಿಲ್ಲವಂತೆ. ಓರಗಿತ್ತಿ ಹೇಳಿದ್ದನ್ನು ನೋರಾ ಗಂಡನಿಗೆ ಹೇಳಬಾರದಿತ್ತು. ಹೇಳಿದಳು, ಆ ಮನೆಯಲ್ಲಿ ಯಾರಿಗೂ ಸುಳ್ಳು ಬರುತ್ತಿರಲಿಲ್ಲ.

ಆಮೇಲೆ ಡೆಕ್ಲನ್ ಫಿಡಲ್ ಮುಟ್ಟಲಿಲ್ಲ. ನಾವು ಹೋದರೆ ಟೀ ಮಾಡಿಕೊಡುತ್ತಿದ್ದ, ಕ್ರಿಕೆಟ್ ಮಾತಾಡುತ್ತಿದ್ದ, ಅದೂ ಅವನಿಗೆ ಅರ್ಥವಾಗದ ಕ್ರಿಕೆಟ್. ಅಡಿಗೆಮನೆಯ ಕುರ್ಚಿಗಳು ಮೇಜಿನ ಸುತ್ತ ಹೋಗಿ ಸೇರಿದವು. ಮಿಕ್ ಕ್ವೀನ್ಸ್‌ಲ್ಯಾಂಡಿಗೆ ಹೋದ, ಆಮೇಲೆ ಅವನ ಸುದ್ದಿಯೇ ಇಲ್ಲ. ಕೆಲವು ವರ್ಷಗಳಲ್ಲಿ ಡೆಕ್ಲನ್ ತೀರಿಕೊಂಡ, ಹಿಂದೆಯೇ ನೋರಾ. ನನ್ನ ಪಿಟೀಲು ಮತ್ತೆ ಮಂಚದ ಕೆಳಗೆ ಸೇರಿತು. ಒಂದು ಒಳ್ಳೆಯ ಕೆಲಸ ಮಾಡಿದ್ದಕ್ಕೆ ಒಬ್ಬ ಮನುಷ್ಯನಿಗೆ ಇಷ್ಟು ಶಿಕ್ಷೆಯೇ? ಇವರು ಸಮಾಧಾನ ಹೇಳಲು ಬಂದರೆ ಜಗಳವಾಡುತ್ತಿದ್ದೆ. ಈಗಲೂ ಸಮಾಧಾನವಿಲ್ಲ. ಆ ಮಟ್ಟು ತಲೆಯಲ್ಲಿ ಬಂದಾಗಲೆಲ್ಲ, ಡೆಕ್ಲನ್ ಎಲ್ಲಿ ತಿರುಗಿದನೋ ಅಲ್ಲಿಗೇ ಬಂದು ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗುತ್ತಿರಲಿಲ್ಲ.

ನಿನ್ನೆ ಆ ಹುಲ್ಲಿನ ಮೇಲೆ ನಿಂತು ಇಷ್ಟೆಲ್ಲ ನೆನೆದೆ. ಆಮೇಲೆ ಒಂದೊಂದೇ ಕುರ್ಚಿಯನ್ನು ಎಳೆದು ಎದುರುಬದುರು ಇಟ್ಟೆ. ಮಂಡಿ ನೋವು, ನೆಲದ ಮೇಲೆ ಕೂರುವ ಕಾಲ ಹೋಯಿತು. ತೋಳಿಲ್ಲದ ಒಂದರ ಮೇಲೆ ಕೂತೆ. ಮೊದಲ ಮಟ್ಟನ್ನು ಗುನುಗಿದೆ, ಚಪ್ಪಲಿಯಲ್ಲೇ ತಾಳ ಹಾಕಿದೆ. ಮಟ್ಟು ತುಂಬಿತು ಅನ್ನಿಸಿತು. ಎಡಗಾಲು ಎತ್ತಿದೆ. ಎದುರಿನ ಮೂರು ಕುರ್ಚಿಗಳನ್ನೂ ನೋಡಿದೆ. ನಾನು ಹಿಂದಕ್ಕೆ ಬಂದು ಸೇರಿಕೊಳ್ಳಬೇಕಾದವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಮುಂದಕ್ಕೆ ಹೋದೆ. ಸ್ವರ ಮೇಲಕ್ಕೆ ಹೋಯಿತು, ನಾಚಿತು, ಇಳಿಯಿತು. ಪೂರ್ತಿ ಮುಗಿಸಿದೆ.

ಮನೆಯೊಳಗಿಂದ ಒಬ್ಬ ಹುಡುಗ ಬಂದ. ಮಂಗಳೂರಿನ ಕಡೆಯವನು, ಹೊಸದಾಗಿ ಮನೆ ಕೊಂಡವನು, ಮುಖ ನೋಡಿದ ನೆನಪು.

"ಆಂಟಿ, ಚೇರ್ ಬೇಕಿತ್ತಾ? ನಾಳೆ ಬೆಳಿಗ್ಗೆ ಪಿಕಪ್ ಉಂಟು. ಬೇಕಾದ್ರೆ ಕಾರಲ್ಲಿ ಡ್ರಾಪ್ ಮಾಡ್ತೇನೆ."

ಬೇಡಪ್ಪ ಎಂದೆ. ಅವನು ಹೋಗಲಿಲ್ಲ. ಆ ಟ್ಯೂನ್ ಚೆನ್ನಾಗಿತ್ತು, ಯಾವುದು ಎಂದು ಕೇಳಿದ. ಅದಕ್ಕೆ ಹೆಸರಿಲ್ಲ ಎಂದೆ. ಇನ್ನೊಮ್ಮೆ ಹಾಡ್ತೀರಾ ಎಂದು ಎದುರಿನ ಕುರ್ಚಿಯಲ್ಲಿ ಕೂತೇಬಿಟ್ಟ. ಒಳ್ಳೆಯ ಹುಡುಗ. ನಾನು ಬಾಯಿ ತೆರೆದೆ, ಅಳು ಬಂತು. ಕೇಳಬೇಕಾಗಿದ್ದವನು ಒಬ್ಬ, ಡೆಕ್ಲನ್‌ನ ಅಣ್ಣ; ಅವನು ಆ ದಿನ ಕುರ್ಚಿಯಿಂದ ಅರ್ಧ ಎದ್ದಿದ್ದ.