ರಸ್ತೆಯೊಳಗೆ ಹೋದ ಕೋಳಿಗೂಡು

ಸೋಮವಾರ, ಬೆಳಿಗ್ಗೆ ಏಳು ಗಂಟೆ, ಸಿರುಗುಪ್ಪ ರಸ್ತೆ. ಹಾಜರಿದ್ದವರು: ಮೇಲ್ವಿಚಾರಕನಾದ ನಾನು, ನಾಲ್ವರು ಕೂಲಿಗಳು, ರೋಲರ್ ಡ್ರೈವರ್.

ಎರೆಮಣ್ಣಿನ ಮೇಲೆ ಜಿಯೋಗ್ರಿಡ್ ಎಂಬ ಕಪ್ಪು ಪ್ಲಾಸ್ಟಿಕ್ ಜಾಲರಿ ಹಾಸಿ ಜಲ್ಲಿ ಸುರಿದರೆ ರಸ್ತೆ ಅಷ್ಟು ಸುಲಭಕ್ಕೆ ಕುಸಿಯುವುದಿಲ್ಲ. ಡ್ರೈವರ್ ಅದನ್ನು ನಂಬಿರಲಿಲ್ಲ. "ಎರಿ ಮಣ್ಣು ಯಾರಪ್ಪನ ಮಾತೂ ಕೇಳಂಗಿಲ್ರಿ" ಎನ್ನುತ್ತ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಅಂದು ರಸ್ತೆಯ ಅಂಚಿನಲ್ಲಿ ಒಂದು ಚಾಪೆಯಷ್ಟು ಜಾಲರಿ ಕಡಿಮೆ ಬಿತ್ತು. ಡ್ರೈವರ್ ಒಯ್ದಿದ್ದ ಆ ತುಂಡು ಅವನ ಗುಡಿಸಲ ಮುಂದೆ ಕೋಳಿಗೂಡಾಗಿತ್ತು. ಮಧ್ಯಾಹ್ನ ಎಂಜಿನಿಯರ್ ಬರುವವರಿದ್ದರು. ಗೊತ್ತಾದರೆ ಅವನ ಕೆಲಸ ಹೋಗುತ್ತಿತ್ತು.

"ತರ್ತಿಯೋ, ಅವರಿಗೆ ಹೇಳ್ಲೋ?" ಎಂದೆ.

"ಕೋಳಿ ಎಲ್ಲಿ ಹೋಗ್ಬೇಕ್ರಿ ಸಾಹೇಬ್ರ?"

"ತರ್ಲಿಲ್ಲಂದ್ರ ನೀನೂ ಅವುಗಳ ಜೊತಿ ಬಯಲಿಗೆ ಬೀಳ್ತಿ ನೋಡಲೇ" ಎಂದಳು ಹಿರಿಯ ಕೂಲಿ ಹೆಂಗಸು.

ತಂದ. ನಾನು ಹಿಕ್ಕೆ ತೊಳೆಸಿದೆ, ಹರಿದಿಲ್ಲವೆಂದು ನೋಡಿದೆ, ಪಕ್ಕದ ಜಾಲರಿಯ ಮೇಲೆ ಒಂದು ಮೊಳ ಬರುವಂತೆ ಹಾಸಿಸಿದೆ. ಎಂಜಿನಿಯರ್ ಬಂದು, ಸರಿಯೆಂದು ತಲೆಯಾಡಿಸಿ ಹೋದರು. ಜಲ್ಲಿ ಬಿತ್ತು. ಆ ಜಾಗದಲ್ಲಿ ಮಾತ್ರ ಡ್ರೈವರ್ ರೋಲರನ್ನು ಸತ್ತವರ ಮನೆ ಮುಂದೆ ಹೋಗುವವನಂತೆ ನಿಧಾನವಾಗಿ ಓಡಿಸಿದ.

ಸಂಜೆ ಆರಕ್ಕೆ ಎಲ್ಲರೂ ಗೂಡಿಲ್ಲದೆ ಚದುರಿದ ಕೋಳಿಗಳನ್ನು ಅಟ್ಟಿಸಿಕೊಂಡು ಭತ್ತದ ಗದ್ದೆಯಲ್ಲಿದ್ದೆವು. "ಕೋಳಿನೂ ಯಾರಪ್ಪನ ಮಾತೂ ಕೇಳಂಗಿಲ್ರಿ!" ಎಂದು ಡ್ರೈವರ್ ಕೂಗುತ್ತಿದ್ದಂತೆ, ನಾನು ಕೊನೆಯ ಹುಂಜವನ್ನು ಹಿಡಿದು ನನ್ನ ಟೆಂಟಿನಲ್ಲಿ ಕೂಡಿಹಾಕಿದೆ.